ಬೇಸಾಯದ ಮಾರ್ಪಾಡನ್ನು ಅಳೆಯುವ ಬಗೆ

ಹೊಳಲ್ಕೆರೆಯಿಂದ ಹೊರಟು ಚಿತ್ರದುರ್ಗವನ್ನು ಹಾಯ್ದು ಹಿರಿಯೂರಿನ ಕಡೆಗೆ ಹೋಗುವ ಪ್ರಯಾಣಿಕನು ದಾರಿಯ ಎರಡು ಬದಿಗಳನ್ನೂ ಗಮನಿಸುತ್ತ ಹೋದರೆ ಒಂದು ವಿಚಿತ್ರವನ್ನು ಕಾಣುತ್ತಾನೆ. ಕಲ್ಲುಗುಡ್ಡಗಳೂ ಕುರುಚಲು ಕಾಡೂ ತುಂಬಿದ ಬಯಲುಸೀಮೆಯ ನಡುವೆ, ಮಲೆನಾಡಿನ ತುಂಡೊಂದನ್ನು ತಂದಿಟ್ಟಂತೆ, ಅಡಿಕೆಯ ತೋಟಗಳು ಹಸುರಾಗಿ ನಿಂತಿವೆ. ಅವುಗಳ ಬೇಲಿಯಾಚೆಗೆ ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳು, ಶೇಂಗಾ ಹೊಲಗಳು. ಹೊಸದುರ್ಗದ ಕಡೆಗೆ ತಿರುಗಿದರೆ ತೆಂಗು, ದಾಳಿಂಬೆ, ಅಲ್ಲಲ್ಲಿ ಸಾವೆ. ರಾಗಿ, ಜೋಳ, ನವಣೆ, ಸಾವೆ, ಹತ್ತಿ ಇವುಗಳಿಂದಲೇ ಜೀವನ ಸಾಗಿಸುತ್ತಿದ್ದ ಸೀಮೆಯಲ್ಲಿ ಒಂದೆರಡು ತಲೆಮಾರುಗಳೊಳಗಾಗಿ ಬೇಸಾಯದ ಮುಖವೇ ಮಾರ್ಪಟ್ಟಿದೆ.

ಈ ಮಾರ್ಪಾಡಿನಿಂದ ಸೀಮೆಗೆ ಒಳಿತಾಯಿತೇ, ಕೆಡುಕಾಯಿತೇ? ಯಾವ ಊರಿನ ಅರಳಿಕಟ್ಟೆಯಲ್ಲಿ ಈ ಪ್ರಶ್ನೆಯನ್ನು ಕೇಳಿದರೂ ಎರಡು ಬಗೆಯ ಉತ್ತರ ದೊರೆಯುತ್ತದೆ. ತೋಟ ಮಾಡಿದವನು ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಎಂದು ಒಬ್ಬರು ಹೇಳುತ್ತಾರೆ. ಸಾಲ ಮಾಡಿ ಮೂರು ಬೋರು ಕೊರೆಸಿ, ಮೂರರಲ್ಲಿಯೂ ನೀರು ಬಾರದೆ, ಇದ್ದ ಹೊಲವನ್ನೂ ಕಳೆದುಕೊಂಡ ಎಂದು ಮತ್ತೊಬ್ಬರು ಹೇಳುತ್ತಾರೆ. ಎರಡೂ ನಿಜವೇ. ಆದರೆ ಒಂದೊಂದೂ ಒಬ್ಬೊಬ್ಬನಿಗೆ ಒದಗಿದ ಸಂಗತಿ. ಅಂತಹ ಸಂಗತಿಗಳಿಂದ ಇಡೀ ಸೀಮೆಯ ವಿಷಯದಲ್ಲಿ ನಿರ್ಣಯಕ್ಕೆ ಬರಬೇಕಾದರೆ ಅಳತೆ ಬೇಕು. ಅಳೆದ ಅಂಕಿಗಳನ್ನು ಓದುವ ಕ್ರಮವೂ ತಿಳಿದಿರಬೇಕು. ಆ ಕ್ರಮ ಎಂತಹದು ಎಂಬುದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಉದಾಹರಣೆಯಿಂದ ನೋಡೋಣ.

ಮಳೆಯೆಂಬ ಮೊದಲನೆಯ ತೊಡಕು

ಚಿತ್ರದುರ್ಗ ಜಿಲ್ಲೆಯು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ತಮ್ಮ ನೀರಿನ ಬಹುಪಾಲನ್ನು ಘಟ್ಟದ ಮೇಲೆಯೇ ಸುರಿಸಿ, ಬರಿದಾಗಿ ಇಲ್ಲಿಗೆ ಬರುತ್ತವೆ. ಬೇಸಾಯದ ಅನುಕೂಲಕ್ಕಾಗಿ ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿರುವುದುಂಟು. ನಾವು ಹೇಳುತ್ತಿರುವ ನಾಲ್ಕು ತಾಲ್ಲೂಕುಗಳೂ ಅವುಗಳಲ್ಲಿ ಮಧ್ಯ ಒಣವಲಯಕ್ಕೆ ಸೇರಿವೆ. ವರ್ಷದ ಸರಾಸರಿ ಮಳೆ ಸುಮಾರು 500ರಿಂದ 650 ಮಿಲಿಮೀಟರು. ಪಶ್ಚಿಮದ ಹೊಳಲ್ಕೆರೆಯ ಕಡೆಗೆ ಸ್ವಲ್ಪ ಹೆಚ್ಚು, ಪೂರ್ವದ ಹಿರಿಯೂರಿನ ಕಡೆಗೆ ಕಡಿಮೆ. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ.

ಸರಾಸರಿ ಎಂಬ ಮಾತಿನಿಂದ ವಾಚಕರು ಮೋಸಹೋಗಬಾರದು. ಒಂದು ವರ್ಷ 300 ಮಿಲಿಮೀಟರು, ಮರು ವರ್ಷ 900 ಮಿಲಿಮೀಟರು ಮಳೆಯಾದರೆ ಎರಡರ ಸರಾಸರಿ 600. ಆದರೆ ರೈತನು ಆ 600 ಮಿಲಿಮೀಟರಿನ ವರ್ಷವನ್ನು ಕಣ್ಣಿನಿಂದ ಕಂಡೇ ಇರುವುದಿಲ್ಲ. ಇಂತಹ ಸೀಮೆಯಲ್ಲಿ ಇಳುವರಿಯು ಮುಖ್ಯವಾಗಿ ಮಳೆಯನ್ನು ಹಿಂಬಾಲಿಸಿ ಏರಿಳಿಯುತ್ತದೆ. ಹೀಗಿರುವಲ್ಲಿ, ಹೊಸ ಬೀಜವನ್ನೋ ಹೊಸ ಗೊಬ್ಬರವನ್ನೋ ಹಾಕಿದ ವರ್ಷ ಬೆಳೆ ಹೆಚ್ಚಾಯಿತೆಂದರೆ, ಆ ಹೆಚ್ಚಳದಲ್ಲಿ ಮಳೆಯ ಪಾಲೆಷ್ಟು, ಗೊಬ್ಬರದ ಪಾಲೆಷ್ಟು? ಮಳೆಯ ಪಾಲನ್ನು ಕಳೆಯದ ಹೊರತು ಗೊಬ್ಬರದ ಪಾಲನ್ನು ಹೇಳಲಾಗುವುದಿಲ್ಲ.

ಅಣೆಕಟ್ಟಿನ ಅಂಕಿಗಳು ಕಲಿಸುವ ಪಾಠ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು ಮೈಸೂರು ಸಂಸ್ಥಾನದ ಕಾಲದಲ್ಲಿ, 1907ನೆಯ ಇಸವಿಯಲ್ಲಿ, ಪೂರ್ಣಗೊಂಡಿತು. ಈ ಜಲಾಶಯವು 1933ರಲ್ಲಿ ತುಂಬಿ ಕೋಡಿ ಹರಿಯಿತು. ಆಮೇಲೆ ಅದು ಮತ್ತೆ ಕೋಡಿ ಬಿದ್ದುದು 2022ರ ಸೆಪ್ಟೆಂಬರ್ ತಿಂಗಳಿನಲ್ಲಿ, ಎಂದರೆ 89 ವರ್ಷಗಳ ತರುವಾಯ. ಬಳಿಕ 2025ರ ಜನವರಿಯಲ್ಲಿ ಪುನಃ ಕೋಡಿ ಬಿದ್ದಿತು.

ಈ ಅಂಕಿಗಳನ್ನು ಮಾತ್ರ ಕೈಯಲ್ಲಿ ಹಿಡಿದ ವಿದ್ಯಾರ್ಥಿಯು, ಸೀಮೆಯ ಮಳೆ ಏಕಾಏಕಿ ಹೆಚ್ಚಾಗಿಬಿಟ್ಟಿದೆ ಎಂದು ಬರೆದುಬಿಡಬಹುದು. ಆ ನಿರ್ಣಯ ಪೂರ್ತಿ ಸರಿಯಾಗಲಾರದು. 2022ರಲ್ಲಿ ಒಳ್ಳೆಯ ಮಳೆಯಾದುದು ನಿಜ. ಆದರೆ 2019ರಿಂದ ಭದ್ರಾ ನದಿಯ ನೀರನ್ನು ಎತ್ತಿ ಈ ಜಲಾಶಯಕ್ಕೆ ಹರಿಸಲು ಆರಂಭವಾಗಿತ್ತು. ಹಿಂದೆ ವೇದಾವತಿಯೊಂದೇ ತುಂಬಿಸಬೇಕಾಗಿದ್ದ ಕೊಡವನ್ನು ಈಗ ಎರಡು ನದಿಗಳು ತುಂಬಿಸುತ್ತಿವೆ. ಇನ್ನೊಂದು ಸಂಗತಿಯೂ ಉಂಟು. ನದಿಯ ಮೇಲಣ ಪ್ರದೇಶದಲ್ಲಿ ಕಟ್ಟಿದ ಒಡ್ಡುಗಳು, ತಡೆ ಅಣೆಗಳು, ಕೃಷಿಹೊಂಡಗಳು, ಕೊಳವೆಬಾವಿಗಳು ಒಂದೊಂದೂ ಹರಿದುಬರುವ ನೀರಿನಲ್ಲಿ ಸ್ವಲ್ಪ ಸ್ವಲ್ಪವನ್ನು ತಮಗಾಗಿ ಉಳಿಸಿಕೊಳ್ಳುತ್ತವೆ. ಆದುದರಿಂದ 1933ರಷ್ಟೇ ಮಳೆ ಇಂದು ಬಿದ್ದರೂ ವೇದಾವತಿಯಲ್ಲಿ ಅಂದಿನಷ್ಟೇ ನೀರು ಬರುತ್ತದೆಂದು ಹೇಳುವಂತಿಲ್ಲ.

ಇದರಿಂದ ನಾವು ಕಲಿಯತಕ್ಕ ಪಾಠ ಇಷ್ಟು: ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಒಂದೇ ನಕ್ಷೆಯಲ್ಲಿ ಗೆರೆಯೆಳೆದು ಕೂಡಿಸುವುದಕ್ಕೆ ಮೊದಲು, ಎರಡೂ ಒಂದೇ ವಸ್ತುವಿನ ಅಳತೆಗಳೇ ಎಂದು ಕೇಳಿಕೊಳ್ಳಬೇಕು.

ಎರಡು ಹೊಲ, ಎರಡು ವರ್ಷ

ಈಗ ಹೊಲಕ್ಕೆ ಬರೋಣ. ಹಿರಿಯೂರಿನ ರೈತನೊಬ್ಬನು ಕಳೆದ ವರ್ಷ ಎಕರೆಗೆ 4 ಕ್ವಿಂಟಲ್ ಶೇಂಗಾ ಬೆಳೆದನೆಂದೂ ಈ ವರ್ಷ ಹೊಲಕ್ಕೆ ಜಿಪ್ಸಮ್ ಹಾಕಿ 6 ಕ್ವಿಂಟಲ್ ಬೆಳೆದನೆಂದೂ ಇಟ್ಟುಕೊಳ್ಳೋಣ. (ಇವು ಲೆಕ್ಕವನ್ನು ತಿಳಿಸುವುದಕ್ಕಾಗಿ ನಾವು ಕಲ್ಪಿಸಿಕೊಂಡ ಅಂಕಿಗಳು.) ಜಿಪ್ಸಮ್ಮಿನಿಂದ 2 ಕ್ವಿಂಟಲ್ ಲಾಭವಾಯಿತು ಎಂದು ಅಂಗಡಿಯವನು ಹೇಳುತ್ತಾನೆ. ಆದರೆ ಪಕ್ಕದ ಹೊಲದವನು ಜಿಪ್ಸಮ್ ಹಾಕಲಿಲ್ಲ; ಅವನಿಗೂ ಹಿಂದಿನ ವರ್ಷ 4 ಕ್ವಿಂಟಲ್ ಬಂದಿದ್ದುದು ಈ ವರ್ಷ 5 ಬಂದಿತು. ಆ ಒಂದು ಕ್ವಿಂಟಲ್ ಮಳೆಯ ಕೊಡುಗೆ. ಅದನ್ನು ಕಳೆದರೆ ಜಿಪ್ಸಮ್ಮಿನ ಪಾಲಿಗೆ ಉಳಿಯುವುದು ಒಂದೇ ಕ್ವಿಂಟಲ್.

ಲೆಕ್ಕ ಸುಲಭವಾಗಿದ್ದರೂ ಅದರ ಬುಡದಲ್ಲಿ ಒಂದು ನಂಬಿಕೆ ಅಡಗಿದೆ. ಜಿಪ್ಸಮ್ ಹಾಕದೆ ಇದ್ದಿದ್ದರೆ ಎರಡು ಹೊಲಗಳೂ ಒಂದೇ ಸಮನಾಗಿ ಏರುತ್ತಿದ್ದುವು ಎಂಬುದೇ ಆ ನಂಬಿಕೆ. ಅದು ಸರಿಯೇ ಎಂದು ಪರೀಕ್ಷಿಸುವ ಮಾರ್ಗವೂ ಇದೆ. ಹಿಂದಿನ ನಾಲ್ಕೈದು ವರ್ಷಗಳಲ್ಲಿ ಎರಡು ಹೊಲಗಳ ಇಳುವರಿಯೂ ಒಟ್ಟೊಟ್ಟಿಗೆ ಏರಿಳಿದಿದೆಯೇ ಎಂದು ನೋಡಬೇಕು. ನೆಲದ ಬಣ್ಣ, ಆಳ, ಬಿತ್ತನೆಯ ದಿನ, ಬೀಜದ ತಳಿ ಇವುಗಳಲ್ಲಿ ಎರಡು ಹೊಲಗಳೂ ಹೋಲುತ್ತವೆಯೇ ಎಂದು ವಿಚಾರಿಸಬೇಕು.

ಇಲ್ಲಿ ಸುಲಭವಾಗಿ ಎಡವುವ ಸ್ಥಳವೊಂದಿದೆ. ಹೊಸ ಪದ್ಧತಿಯನ್ನು ಮೊದಲು ಕೈಗೊಳ್ಳುವವನು ಸಾಮಾನ್ಯವಾಗಿ ಒಳ್ಳೆಯ ನೆಲವೂ ಕೈಯಲ್ಲಿ ಹಣವೂ ಉಳ್ಳವನಾಗಿರುತ್ತಾನೆ. ಹೊಸ ಪದ್ಧತಿಯವರನ್ನೂ ಹಳೆಯ ಪದ್ಧತಿಯವರನ್ನೂ ಸುಮ್ಮನೆ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ, ನೆಲದ ಗುಣವೂ ಹಣದ ಬಲವೂ ಸೇರಿ ಪದ್ಧತಿಯ ಗುಣವೆಂದು ಲೆಕ್ಕಕ್ಕೆ ಬಂದುಬಿಡುತ್ತವೆ. ಅದನ್ನು ನಂಬಿ ತೆಳು ನೆಲದ ಬಡ ರೈತನು ಸಾಲ ಮಾಡಿದರೆ ನಷ್ಟ ಅವನದಾಗುತ್ತದೆ, ಲೆಕ್ಕ ಹಾಕಿದವನದಲ್ಲ.

ಪ್ರಯೋಗಕ್ಷೇತ್ರದಿಂದ ರೈತನ ಹೊಲಕ್ಕೆ

ಈ ತೊಡಕುಗಳನ್ನು ನಿವಾರಿಸುವ ವಿದ್ಯೆ ಬೆಳೆದುದೇ ಬೇಸಾಯದ ಪ್ರಯೋಗಕ್ಷೇತ್ರಗಳಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಲ್ಲಿ ಆರಂಭವಾದ ಗೋಧಿಯ ಪ್ರಯೋಗ ಇಂದಿಗೂ ಅದೇ ಭೂಮಿಯಲ್ಲಿ ನಡೆಯುತ್ತಿದೆ. ಅಲ್ಲಿ 1919ರಲ್ಲಿ ಕೆಲಸಕ್ಕೆ ಸೇರಿದ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞನು, ವರ್ಷಾನುವರ್ಷ ಕೂಡಿಹಾಕಿದ್ದ ಅಂಕಿಗಳನ್ನು ಪರಿಶೀಲಿಸುತ್ತ, ಪ್ರಯೋಗಗಳನ್ನು ಹೂಡುವ ಕ್ರಮವನ್ನೇ ಹೊಸದಾಗಿ ರೂಪಿಸಿದನು. ಅವನು ಹೇಳಿದುದರ ಸಾರ ಎರಡು ಮಾತುಗಳಲ್ಲಿ ಅಡಗುತ್ತದೆ. ಒಂದು, ಯಾವ ಪಾತಿಗೆ ಯಾವ ಗೊಬ್ಬರ ಎಂಬುದನ್ನು ನಮ್ಮ ಇಷ್ಟದಂತೆ ಗೊತ್ತುಮಾಡದೆ ಚೀಟಿ ಎತ್ತಿ ಗೊತ್ತುಮಾಡಬೇಕು. ಆಗ ಒಳ್ಳೆಯ ನೆಲವೆಲ್ಲ ಒಂದೇ ಗೊಬ್ಬರದ ಪಾಲಿಗೆ ಹೋಗುವ ಸಂಭವ ಕಡಿಮೆಯಾಗುತ್ತದೆ. ಎರಡು, ಒಂದೊಂದು ಪದ್ಧತಿಯನ್ನೂ ಹಲವು ಪಾತಿಗಳಲ್ಲಿ ಮತ್ತೆ ಮತ್ತೆ ಮಾಡಿ ನೋಡಬೇಕು. ಆಗ ಆಕಸ್ಮಿಕವಾಗಿ ಬಂದ ವ್ಯತ್ಯಾಸ ಎಷ್ಟೆಂಬುದು ತಿಳಿಯುತ್ತದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಸಂಶೋಧನಾ ಕೇಂದ್ರವೂ ಸೇರಿದಂತೆ, ಇಂದಿನ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಪ್ರಯೋಗಗಳಿಗೆ ಈ ಕ್ರಮವೇ ಆಧಾರ.

ಆದರೆ ಪ್ರಯೋಗಕ್ಷೇತ್ರದ ನೆಲ ಬೇರೆ, ರೈತನ ನೆಲ ಬೇರೆ. ಆದುದರಿಂದ ಪ್ರಯೋಗವು ರೈತನ ಹೊಲಕ್ಕೂ ಬರಬೇಕಾಗುತ್ತದೆ. 2009ರಲ್ಲಿ ಕರ್ನಾಟಕ ಸರ್ಕಾರವು ಹೈದರಾಬಾದಿನ ಬಳಿ ಇರುವ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಭೂಚೇತನ ಎಂಬ ಯೋಜನೆಯನ್ನು ಆರಂಭಿಸಿತು. ಅದನ್ನು ಮೊದಲು ಕೈಗೊಂಡ ಆರು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಹಳ್ಳಿಹಳ್ಳಿಗಳಿಂದ ಮಣ್ಣಿನ ಮಾದರಿಗಳನ್ನು ತಂದು ಪರೀಕ್ಷಿಸಿದಾಗ ಒಂದು ಹೊಸ ಸಂಗತಿ ಹೊರಬಿದ್ದಿತು. ಸಾರಜನಕ, ರಂಜಕಗಳ ಕೊರತೆಯನ್ನು ಎಲ್ಲರೂ ಬಲ್ಲರು. ಆದರೆ ಬಹಳ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಇವುಗಳೂ ಸಾಲದೆ ಇದ್ದುವು. ಗಂಧಕಕ್ಕಾಗಿ ಜಿಪ್ಸಮ್, ಸತುವಿಗಾಗಿ ಜಿಂಕ್ ಸಲ್ಫೇಟ್, ಬೋರಾನಿಗಾಗಿ ಬೋರಾಕ್ಸ್ ಹಾಕುವಂತೆ ರೈತರಿಗೆ ತಿಳಿಸಲಾಯಿತು. ಒಬ್ಬನೇ ರೈತನ ಹೊಲದಲ್ಲಿ ಒಂದು ಭಾಗವನ್ನು ಅವನ ವಾಡಿಕೆಯ ಪದ್ಧತಿಗೂ ಇನ್ನೊಂದು ಭಾಗವನ್ನು ಹೊಸ ಪದ್ಧತಿಗೂ ಬಿಟ್ಟು ಇಳುವರಿಯನ್ನು ಹೋಲಿಸಲಾಯಿತು. ಮಳೆ, ನೆಲ, ರೈತನ ಆರೈಕೆ ಎಲ್ಲವೂ ಎರಡು ಭಾಗಗಳಿಗೂ ಒಂದೇ ಆದುದರಿಂದ ಈ ಹೋಲಿಕೆಗೆ ಬೆಲೆಯುಂಟು.

ಇಳುವರಿಯನ್ನು ಅಳೆಯುವ ಬಗೆಯೂ ತಿಳಿಯತಕ್ಕದ್ದೇ. ಹೊಲವನ್ನೆಲ್ಲ ಕೊಯ್ದು ತೂಗುವುದು ಆಗದ ಕೆಲಸ. ಆದುದರಿಂದ ಹೊಲದಲ್ಲಿ ಒಂದು ಚೌಕವನ್ನು ಗುರುತಿಸಿ, ಅದರೊಳಗಿನ ಬೆಳೆಯನ್ನು ಮಾತ್ರ ಕೊಯ್ದು, ಒಣಗಿಸಿ ತೂಗುತ್ತಾರೆ. ಚೌಕವು ಉದ್ದಗಲ 5 ಮೀಟರಿನದಾದರೆ ಅದರ ವಿಸ್ತೀರ್ಣ 25 ಚದರ ಮೀಟರು. ಹೆಕ್ಟೇರಿಗೆ ಅಂತಹ ಚೌಕಗಳು 400. ಚೌಕದಲ್ಲಿ 3 ಕಿಲೋಗ್ರಾಂ ಬಂದರೆ ಹೆಕ್ಟೇರಿಗೆ 1,200 ಕಿಲೋಗ್ರಾಂ ಆಯಿತು. ತೂಗುವಾಗ 100 ಗ್ರಾಂ ತಪ್ಪಿದರೂ ಹೆಕ್ಟೇರಿನ ಲೆಕ್ಕದಲ್ಲಿ 40 ಕಿಲೋಗ್ರಾಂ ತಪ್ಪುತ್ತದೆ. ಚೌಕವನ್ನು ಬೆಳೆ ಸೊಂಪಾಗಿರುವ ಕಡೆ ನೋಡಿ ಹಾಕಿದರಂತೂ ಲೆಕ್ಕವೇ ಸುಳ್ಳಾಗುತ್ತದೆ. ಅಲ್ಲಿಯೂ ಚೀಟಿ ಎತ್ತಿಯೇ ಸ್ಥಳವನ್ನು ಗೊತ್ತುಮಾಡಬೇಕು.

ಭೂಚೇತನದ ಫಲವಾಗಿ ಇಳುವರಿಯು ಬೆಳೆಗೆ ತಕ್ಕಂತೆ, ಸ್ಥಳಕ್ಕೆ ತಕ್ಕಂತೆ ಶೇಕಡ 20ರಿಂದ 66ರವರೆಗೆ ಹೆಚ್ಚಿತೆಂದು ವರದಿಯಾಯಿತು. ಇಂತಹ ಅಂಕಿಯನ್ನು ಓದುವಾಗ ದೊಡ್ಡ ಸಂಖ್ಯೆಯ ಮೇಲೆ ಮಾತ್ರ ಕಣ್ಣಿಡುವುದು ಸಲ್ಲದು. 20ಕ್ಕೂ 66ಕ್ಕೂ ನಡುವಣ ಅಂತರವೇ ಒಂದು ವಾರ್ತೆ. ಒಂದೇ ಸಲಹೆ ಎಲ್ಲ ಹೊಲಗಳಿಗೂ ಒಂದೇ ಫಲ ಕೊಡುವುದಿಲ್ಲವೆಂಬುದನ್ನೂ, ತನ್ನ ಹೊಲದ ಮಣ್ಣನ್ನು ಪರೀಕ್ಷೆ ಮಾಡಿಸದ ರೈತನು ತಾನು ಯಾವ ತುದಿಗೆ ಸೇರಿದವನೆಂದು ಅರಿಯಲಾರನೆಂಬುದನ್ನೂ ಆ ಅಂತರ ಹೇಳುತ್ತದೆ.

ಎಕರೆಯ ಲೆಕ್ಕವೂ ನೀರಿನ ಲೆಕ್ಕವೂ

ಇದುವರೆಗೆ ನಾವು ಎಕರೆಗೆ ಎಷ್ಟು ಬೆಳೆಯಿತು ಎಂಬುದನ್ನೇ ನೋಡಿದೆವು. ಒಣಸೀಮೆಯಲ್ಲಿ ಇದಷ್ಟೇ ಸಾಲದು. 2001ರ ತರುವಾಯ ಈ ಜಿಲ್ಲೆಯೂ ಸೇರಿದಂತೆ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯ ಫಲವನ್ನು ತಿಳಿಯಲು ಕೃತಕ ಉಪಗ್ರಹಗಳ ಚಿತ್ರಗಳನ್ನೂ ಬಳಸಿಕೊಳ್ಳಲಾಯಿತು. ಆಕಾಶದಿಂದ ನೋಡಿದರೆ ನೆಲದ ಹಸುರು ಹೆಚ್ಚಿದೆಯೇ ಎಂಬುದು ಚೆನ್ನಾಗಿ ಗೋಚರಿಸುತ್ತದೆ. ಆದರೆ ಆ ಹಸುರಿಗೆ ನೀರು ಮಳೆಯಿಂದ ಬಂದಿತೋ ಪಾತಾಳದಿಂದ ಬಂದಿತೋ ಎಂಬುದನ್ನು ಹಸುರೊಂದೇ ಹೇಳಲಾರದು. ಅದನ್ನು ತಿಳಿಯಲು ಅಡಿಕೆಯ ತೋಟವೊಂದರ ನೀರಿನ ಲೆಕ್ಕವನ್ನು ಹಾಕಿ ನೋಡೋಣ.

ಗಿಡದಿಂದ ಗಿಡಕ್ಕೆ 2.7 ಮೀಟರು ಅಂತರವಿಟ್ಟರೆ ಎಕರೆಗೆ ಸುಮಾರು 555 ಅಡಿಕೆ ಮರಗಳಾಗುತ್ತವೆ. ಬೇಸಗೆಯಲ್ಲಿ ಹನಿ ನೀರಾವರಿಯಿಂದ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ನೀರು ಬೇಕೆಂಬುದು ತಜ್ಞರ ಶಿಫಾರಸು. 20 ಲೀಟರಿನಂತೆ ಎಕರೆಗೆ ದಿನಕ್ಕೆ 11,100 ಲೀಟರು. ಫೆಬ್ರವರಿಯಿಂದ ಮೇ ತಿಂಗಳಿನವರೆಗೆ 120 ದಿನಗಳಿಗೆ 13 ಲಕ್ಷ 32 ಸಾವಿರ ಲೀಟರು. ಇಷ್ಟು ನೀರನ್ನು ಆ ಎಕರೆಯ ಮೇಲೆ ಸಮನಾಗಿ ಹರಡಿದರೆ ಅದರ ಆಳ ಸುಮಾರು 330 ಮಿಲಿಮೀಟರು. ನೀರನ್ನು ಕಾಲುವೆಯಲ್ಲಿ ಹಾಯಿಸುವ ತೋಟಗಳಲ್ಲಿ ಖರ್ಚು ಇದಕ್ಕಿಂತ ಹೆಚ್ಚು.

ಇನ್ನು ಆದಾಯದ ಕಡೆ ನೋಡೋಣ. ಬಿದ್ದ ಮಳೆಯೆಲ್ಲ ಅಂತರ್ಜಲವಾಗುವುದಿಲ್ಲ. ಬಹುಪಾಲು ಆವಿಯಾಗುತ್ತದೆ, ಗಿಡಮರಗಳು ಕುಡಿಯುತ್ತವೆ, ಸ್ವಲ್ಪ ಹಳ್ಳಕ್ಕೆ ಹರಿಯುತ್ತದೆ. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೆಲದಾಳಕ್ಕೆ ಇಳಿಯುವುದು ಮಳೆಯ ಹತ್ತನೆಯ ಒಂದು ಪಾಲಿನ ಆಸುಪಾಸು. 600 ಮಿಲಿಮೀಟರು ಮಳೆಗೆ ಅದು 60 ಮಿಲಿಮೀಟರು. ಎಂದರೆ ಒಂದು ಎಕರೆ ಅಡಿಕೆಯು ನಾಲ್ಕು ತಿಂಗಳಿನಲ್ಲಿ ಕುಡಿಯುವ ನೀರು, ಐದೂವರೆ ಎಕರೆ ನೆಲವು ಇಡೀ ವರ್ಷದಲ್ಲಿ ಇಂಗಿಸಿಕೊಳ್ಳುವ ನೀರಿಗೆ ಸಮ. ತೋಟದ ಸುತ್ತ ಅಷ್ಟು ಬಯಲು ಇದ್ದು, ಅಲ್ಲಿ ಯಾರೂ ಬಾವಿ ತೋಡದೆ ಇದ್ದರೆ ಲೆಕ್ಕ ಸರಿಹೋಗುತ್ತದೆ. ಅಕ್ಕಪಕ್ಕದವರೂ ತೋಟ ಮಾಡಿದರೆ?

ಬಾವಿಯೇ ಇದಕ್ಕೆ ಉತ್ತರ ಹೇಳುತ್ತದೆ. ಈ ಸೀಮೆಯ ಕಲ್ಲಿನಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿಯೂ ಶಿಥಿಲವಾದ ಪದರದಲ್ಲಿಯೂ ಮಾತ್ರ. ನೂರು ಭಾಗ ಕಲ್ಲುಮಣ್ಣಿನಿಂದ ಸುಮಾರು ಎರಡು ಭಾಗ ನೀರು ಹೊರಬರುತ್ತದೆಂದು ಹಿಡಿದರೆ, 60 ಮಿಲಿಮೀಟರು ನೀರು ಇಂಗಿದಾಗ ಬಾವಿಯ ಮಟ್ಟ 3 ಮೀಟರು ಏರುತ್ತದೆ. ಅದನ್ನು ಕಂಡು ರೈತನು ಹಿಗ್ಗುತ್ತಾನೆ. ಆದರೆ ಅದೇ ಲೆಕ್ಕದಿಂದ 330 ಮಿಲಿಮೀಟರು ನೀರನ್ನು ತೋಟದ ಅಡಿಯಿಂದಲೇ ತೆಗೆದರೆ ಮಟ್ಟವು 16 ಮೀಟರಿಗಿಂತ ಹೆಚ್ಚು ಇಳಿಯಬೇಕು. ಬೋರುಗಳು ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋಗುವ ಗುಟ್ಟು ಇದೇ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ತೆಗೆಯಲು ದೊರೆಯುವ ಅಂತರ್ಜಲದಲ್ಲಿ ಶೇಕಡ 70ರವರೆಗೆ ಮಾತ್ರ ಬಳಕೆಯಾಗುತ್ತಿದ್ದರೆ ಅದನ್ನು ಸುರಕ್ಷಿತವೆಂದೂ, ಶೇಕಡ 100ನ್ನು ಮೀರಿದರೆ ಅತಿಬಳಕೆಯದೆಂದೂ ಕೇಂದ್ರ ಅಂತರ್ಜಲ ಮಂಡಳಿಯು ವರ್ಗೀಕರಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಹಲವು ತಾಲ್ಲೂಕುಗಳು ಈ ಅತಿಬಳಕೆಯ ಪಟ್ಟಿಗೆ ಸೇರಿವೆ.

ಹಾಗೆಂದು ಅಡಿಕೆ ಬೆಳೆದ ರೈತನನ್ನು ಅವಿವೇಕಿ ಎನ್ನಲಾಗದು. ಕೂಲಿಯಾಳು ದೊರೆಯದ ಕಾಲದಲ್ಲಿ, ಮಳೆಯನ್ನು ನಂಬಲಾಗದ ಸೀಮೆಯಲ್ಲಿ, ಹಲವು ವರ್ಷ ಫಲ ಕೊಡುವ ತೋಟವನ್ನು ಅವನು ಆರಿಸಿಕೊಂಡನು. ಅವನ ಒಬ್ಬನ ಲೆಕ್ಕದಲ್ಲಿ ಅದು ಸರಿಯೇ. ಆದರೆ ನೆಲದ ಮೇಲೆ ಬೇಲಿಯುಂಟು, ನೆಲದ ಅಡಿಯ ನೀರಿಗೆ ಬೇಲಿಯಿಲ್ಲ. ಅರಳಿಕಟ್ಟೆಯ ಎರಡು ಉತ್ತರಗಳೂ ಏಕೆ ನಿಜವೆಂಬುದು ಈಗ ತಿಳಿಯುತ್ತದೆ: ಮೊದಲು ಕೊರೆಸಿದವನ ಲಾಭದಲ್ಲಿ ಒಂದು ಪಾಲು, ಆಮೇಲೆ ಕೊರೆಸಿದವನ ನಷ್ಟದಿಂದ ಬಂದಿರಬಹುದು. ಎಕರೆಯ ಇಳುವರಿಯ ಅಂಕಿ ಎಷ್ಟೇ ನಿಖರವಾಗಿದ್ದರೂ ಇದನ್ನು ತೋರಿಸಲಾರದು. ಸಾವಿರ ಲೀಟರು ನೀರಿಗೆ ಎಷ್ಟು ಫಲ ಬಂದಿತು ಎಂಬ ಲೆಕ್ಕವೂ, ಊರ ಬಾವಿಗಳ ಮಟ್ಟದ ಲೆಕ್ಕವೂ ಅದರ ಜೊತೆಗಿರಬೇಕು. ನೀರು ಎತ್ತದೆ ಬೆಳೆಯುವ ರಾಗಿ, ಸಾವೆಗಳನ್ನು ಈ ತಕ್ಕಡಿಯಲ್ಲಿ ತೂಗಿದರೆ ಅವುಗಳ ಬೆಲೆ ಬೇರೆಯಾಗಿಯೇ ಕಾಣುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಈ ಅಳತೆಗಳಲ್ಲಿ ಕೆಲವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಕೈಗೊಳ್ಳಬಹುದು. ನೇರವಾದ ಗೋಡೆಯುಳ್ಳ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆ ಗಂಟೆಗೆ ಅದರಲ್ಲಿ ನಿಂತ ನೀರಿನ ಆಳವನ್ನು ಮಿಲಿಮೀಟರುಗಳಲ್ಲಿ ಬರೆದಿಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ನಿಮ್ಮ ಹೋಬಳಿಗೆ ಕೊಡುವ ಮಳೆಯ ಅಂಕಿಯೊಡನೆ ಅದನ್ನು ಹೋಲಿಸಿ ನೋಡಿ. ಊರಿನಲ್ಲಿ ತೆರೆದ ಬಾವಿಯಿದ್ದರೆ, ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು, ಕಲ್ಲು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ಬಾವಿಕಟ್ಟೆಯಿಂದ ನೀರಿನವರೆಗಿನ ಆಳವನ್ನು ಜನವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳಲ್ಲಿ ಅಳೆಯಿರಿ. ಮುಂಗಾರಿಗೆ ಮೊದಲು ಎಷ್ಟಿತ್ತು, ಹಿಂಗಾರಿನ ತರುವಾಯ ಎಷ್ಟಾಯಿತು ಎಂಬ ಎರಡು ಅಂಕಿಗಳೇ ಬಹಳ ಸಂಗತಿಗಳನ್ನು ಹೇಳುತ್ತವೆ. ಮನೆಯ ಹಿರಿಯರನ್ನು ಕೇಳಿ, ಯಾವ ಹೊಲದಲ್ಲಿ ಯಾವ ವರ್ಷ ಯಾವ ಬೆಳೆ ಇಟ್ಟರು, ಎಷ್ಟು ಚೀಲ ಬಂದಿತು, ಬೋರು ಎಷ್ಟು ಅಡಿ ಹೋಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಬರಿದಾದ ಬೋರುಗಳ ಲೆಕ್ಕವನ್ನು ಬಿಡಬೇಡಿ. ಗೆದ್ದವರ ಲೆಕ್ಕವನ್ನು ಮಾತ್ರ ಬರೆದ ಪುಸ್ತಕ ಅರ್ಧ ಸುಳ್ಳನ್ನು ಹೇಳುತ್ತದೆ.

ಒಂದು ವರ್ಷದ ಅಂಕಿಗಳಿಂದ ಏನೂ ತಿಳಿಯದೆ ಹೋಗಬಹುದು. ಐದು ವರ್ಷಗಳ ತರುವಾಯ, ನಿಮ್ಮ ತಂದೆಯವರು ಹೊಸದಾಗಿ ಬೋರು ಕೊರೆಸುವ ಮಾತೆತ್ತಿದ ದಿನ, ಆ ಪುಸ್ತಕವನ್ನು ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಓದಬಹುದು.